ನದೀಮೂಲ, ಋಷಿಮೂಲ

ನದಿಯ ಮೂಲವನ್ನೂ ಋಷಿಯ ಮೂಲವನ್ನೂ ಹುಡುಕಬಾರದೆಂದು ನಮ್ಮಲ್ಲಿ ಹಿರಿಯರು ಹೇಳುತ್ತ ಬಂದಿದ್ದಾರೆ. ಪಾಠಶಾಲೆಯಲ್ಲಿ ಓದುತ್ತಿದ್ದಾಗ, ಹುಡುಕಿದರೆ ಏನಾಗುತ್ತದೆಂದು ನಾನು ಒಮ್ಮೆ ಗುರುಗಳನ್ನು ಕೇಳಿದ್ದುಂಟು. ಅವರು ನಕ್ಕು, “ಏನೂ ಆಗುವುದಿಲ್ಲ. ಸಿಕ್ಕುವುದು ತೀರ ಸಣ್ಣದಾಗಿರುತ್ತದೆ, ಅಷ್ಟೆ. ಸಣ್ಣದನ್ನು ಕಂಡುಬಂದವನು ಆಮೇಲೆ ದೊಡ್ಡದಕ್ಕೆ ಕೈಮುಗಿಯಲು ಹಿಂಜರಿದಾನು” ಎಂದಿದ್ದರು. ಐವತ್ತು ವರ್ಷ ಈ ಮಾತನ್ನು ಮೀರದೆ ಇದ್ದವನು, ಕಳೆದ ವರ್ಷ ಜೂನ್ ತಿಂಗಳಿನಲ್ಲಿ, ಅದೂ ಪರದೇಶದಲ್ಲಿ, ಒಂದೇ ದಿವಸ ಎರಡು ಬಗೆಯಲ್ಲಿಯೂ ಮೀರಿದೆನು. ಆ ಅಪರಾಧವನ್ನು ವಾಚಕರ ಮುಂದೆ ಒಪ್ಪಿಕೊಳ್ಳುವುದಕ್ಕಾಗಿ ಈ ಲೇಖನ.

ಹೊಳೆಯ ಹೆಸರು ಡಡನ್. ಇಂಗ್ಲೆಂಡಿನ ವಾಯವ್ಯ ಭಾಗದಲ್ಲಿ, ಸರೋವರ ಪ್ರಾಂತವೆಂದು ಹೆಸರಾದ ಗುಡ್ಡಗಾಡಿನಲ್ಲಿ ಹುಟ್ಟಿ ಐರಿಷ್ ಸಮುದ್ರವನ್ನು ಸೇರುತ್ತದೆ. ಹುಟ್ಟಿದ ಕಣಿವೆಯಿಂದ ಅಳಿವೆಯ ಮರಳಿನವರೆಗೆ ಅದರ ಉದ್ದ ಸುಮಾರು 15 ಮೈಲಿ. ನಮ್ಮ ತುಂಗೆ ಶರಾವತಿಗಳನ್ನು ಕಂಡವರು ಇದನ್ನು ಹೊಳೆಯೆನ್ನುವುದಕ್ಕೂ ಸಂಕೋಚಪಟ್ಟಾರು. ಆದರೂ ವರ್ಡ್ಸ್‌ವರ್ತ್ ಕವಿಯು ಈ ಹೊಳೆಯನ್ನು ಹುಟ್ಟಿದಲ್ಲಿಂದ ಕಡಲವರೆಗೆ ಹಿಂಬಾಲಿಸಿ 34 ಸುನೀತಗಳನ್ನು ಬರೆದು 1820ರಲ್ಲಿ ಪ್ರಕಟಿಸಿದನು. ಅವುಗಳಲ್ಲಿ ಕೆಲವನ್ನು ನಾನು ಪರೀಕ್ಷೆಗಾಗಿ ಓದಿದ್ದೆನು. ಮೇಘದೂತದ ಮೇಘವು ರೇವೆ, ವೇತ್ರವತಿ, ಶಿಪ್ರೆ, ಗಂಭೀರೆ ಎಂದು ಹೊಳೆಯಿಂದ ಹೊಳೆಗೆ ಹಾರುತ್ತ ಹೋಗುತ್ತದೆ. ಯಾವುದರ ಬಳಿಯಲ್ಲಿಯೂ ಬಹಳ ಹೊತ್ತು ಕೂರುವುದಿಲ್ಲ. ಕಾಳಿದಾಸನಲ್ಲಿ ಬೆಳೆದ ನನಗೆ, ಹದಿನೈದು ಮೈಲಿ ಹರಿಯುವ ಒಂದು ಹಳ್ಳದಲ್ಲಿ ಮೂವತ್ತನಾಲ್ಕು ಪದ್ಯಗಳಿಗೆ ಸಾಕಾಗುವಷ್ಟು ಏನಿದ್ದೀತೆಂಬ ಆಶ್ಚರ್ಯ ಆಗಲೇ ಹುಟ್ಟಿತ್ತು.

ಆ ಹೊಳೆಯನ್ನು ನಾನು ಕಾಣುವಂತಾದುದಕ್ಕೆ ಕಾರಣ ನನ್ನ ಕಿರಿಯ ಮಗ. ಅವನು ವೈದ್ಯ. ಡಡನ್ ಅಳಿವೆಗೆ ಸಮೀಪದ ಬ್ಯಾರೋ ಪಟ್ಟಣದಲ್ಲಿ ಕೆಲಸದಲ್ಲಿದ್ದಾನೆ. ಹನ್ನೊಂದು ವರ್ಷಗಳ ಹಿಂದೆ ಅವನು ಹೊರಟು ನಿಂತಾಗ ನಮ್ಮಿಬ್ಬರಿಗೂ ಮಾತು ಬೆಳೆಯಿತು. “ಬಿಟ್ಟು ಹೊರಟವನಿಗೆ ಊರೆಂಬುದಿಲ್ಲ” ಎಂದು ನಾನೆಂದೆ. ಅವನು, “ಮೂವತ್ತಮೂರು ವರ್ಷ ಒಂದೇ ಊರಿನಲ್ಲಿ ಕುಳಿತು ನೀವು ಕಂಡದ್ದಾದರೂ ಏನು ಅಪ್ಪಯ್ಯ?” ಎಂದನು. ನನ್ನ ನಿವೃತ್ತಿಗೆ ಆಗ ಕೆಲವೇ ತಿಂಗಳು ಉಳಿದಿದ್ದವು. ಆಮೇಲೆ ದೂರವಾಣಿಯಲ್ಲಿ ಆರೋಗ್ಯ, ಮಳೆ, ಅಡಕೆಯ ಧಾರಣೆ ಎಲ್ಲವನ್ನೂ ಮಾತಾಡಿದೆವು. ಆ ಎರಡು ಮಾತುಗಳನ್ನು ಮಾತ್ರ ಇಬ್ಬರೂ ಮುಟ್ಟಲಿಲ್ಲ.

ನಾನು ನಿವೃತ್ತನಾದ ವರ್ಷ ಸಂಸ್ಕೃತದ ತರಗತಿಗೆ ಒಬ್ಬ ಹುಡುಗನೂ ಸೇರಲಿಲ್ಲ. ನನ್ನ ಸ್ಥಾನಕ್ಕೆ ಬೇರೊಬ್ಬರು ಬರಲಿಲ್ಲ. ನಾನು ಪಾಠ ಹೇಳುತ್ತಿದ್ದ ಕೊಠಡಿಯಲ್ಲಿ ಈಗ ಮುರಿದ ಬೆಂಚುಗಳನ್ನು ಒಟ್ಟಿದ್ದಾರೆ. ಸಂಜೆಯ ತಿರುಗಾಟದಲ್ಲಿ ಆ ಕಿಟಕಿಯ ಮುಂದೆ ಹಾದುಹೋಗುವಾಗಲೆಲ್ಲ ಮಗನ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಳ್ಳುವ ಹಾಗಾಯಿತು. ಬೇರೆಯವರು ಕೇಳಿದ ಪ್ರಶ್ನೆಗೆ ಸಿಟ್ಟು ಬಂದರೆ ಸಾಕು. ತಾನೇ ಕೇಳಿಕೊಂಡ ಪ್ರಶ್ನೆಗೆ ಉತ್ತರ ಬೇಕಾಗುತ್ತದೆ.

ಕಳೆದ ವರ್ಷ ಅವನ ಒತ್ತಾಯಕ್ಕೆ ಮಣಿದು ನಾನೂ ನನ್ನ ಮನೆಯವರೂ ಬ್ಯಾರೋಗೆ ಹೋದೆವು. ಒಂದು ಭಾನುವಾರ ಮುಂಜಾನೆ ಮಗನು, “ಅಪ್ಪಯ್ಯ, ಇವತ್ತು ಒಂದು ಹೊಳೆಯನ್ನು ಪೂರ್ತಿ ತೋರಿಸುತ್ತೇನೆ, ಬನ್ನಿ” ಎಂದನು. ಮನೆಯವರು ಮೊಮ್ಮಗಳ ಜತೆಗೆ ಉಳಿದರು. ನಾವಿಬ್ಬರೇ ಹೊರಟೆವು.

ಮೊದಲು ಮೂಲಕ್ಕೆ ಹೋಗಿ, ಅಲ್ಲಿಂದ ನೀರಿನ ಜತೆಗೆ ಇಳಿದು ಬರುವುದೆಂದು ಅವನ ಏರ್ಪಾಡು. ಎರಡು ಕಡೆಯೂ ಕಲ್ಲಿನ ಗೋಡೆ, ನಡುವೆ ಒಂದೇ ಗಾಡಿ ಹಿಡಿಯುವಷ್ಟು ದಾರಿ. ಎದುರಿಗೆ ಇನ್ನೊಂದು ಕಾರು ಬಂದರೆ ಯಾರಾದರೊಬ್ಬರು ಹಿಂದಕ್ಕೆ ಸರಿದು ಎಡೆ ಕೊಡಬೇಕು. ಕೊಟ್ಟವರೂ ಪಡೆದವರೂ ಕೈಯೆತ್ತಿ ವಂದಿಸಿಕೊಳ್ಳುತ್ತಾರೆ. ಹೀಗೆ ಹತ್ತುತ್ತ ಹತ್ತುತ್ತ ಸುಮಾರು 1280 ಅಡಿ ಎತ್ತರದ ರೈನೋಸ್ ಕಣಿವೆದಾರಿಯ ನೆತ್ತಿಯನ್ನು ಮುಟ್ಟಿದೆವು. ಮರವಿಲ್ಲ, ಮನೆಯಿಲ್ಲ, ಮಂಜು, ಹುಲ್ಲು, ಕಲ್ಲು, ಗಾಳಿ. ದಾರಿಯ ಪಕ್ಕದಲ್ಲಿ ಒಂದು ಸುಣ್ಣಕಲ್ಲಿನ ಕಂಬ ನಿಂತಿದೆ. ಲ್ಯಾಂಕಾಷೈರ್, ಕಂಬರ್‌ಲೆಂಡ್, ವೆಸ್ಟ್‌ಮರ್‌ಲೆಂಡ್ ಎಂಬ ಮೂರು ಹಳೆಯ ಸೀಮೆಗಳು ಕೂಡುವ ಸ್ಥಳವೆಂಬುದಕ್ಕೆ ಅದು ಗುರುತು.

“ಹೊಳೆ ಎಲ್ಲಿ?” ಎಂದು ಕೇಳಿದೆನು. ಮಗನು ನನ್ನ ಕಾಲ ಬುಡವನ್ನು ತೋರಿಸಿದನು. ನಾನು ನಿಂತಿದ್ದ ಪಾಚಿ ಹುಲ್ಲಿನ ನೆಲ ನೀರುಂಡ ಅರಿವೆಯಂತೆ ಮೆತ್ತಗಿತ್ತು. ಕಾಲೆತ್ತಿದರೆ ಹೆಜ್ಜೆಯ ಗುರುತಿನಲ್ಲಿ ನೀರು ತುಂಬಿಕೊಳ್ಳುತ್ತಿತ್ತು. ಅಲ್ಲೊಂದು ಇಲ್ಲೊಂದು ಎಳೆ ಒಸರಿ, ಹುಲ್ಲಿನಡಿಯಲ್ಲಿ ಗುಳುಗುಳು ಸದ್ದು ಮಾಡುತ್ತ ಇಳಿಜಾರಿನ ಕಡೆಗೆ ಹರಿಯುತ್ತಿತ್ತು. ಕುಂಡವಿಲ್ಲ, ಗೋಮುಖವಿಲ್ಲ, ಗುಡಿಯಿಲ್ಲ. ಇಂಥದೇ ಮೂಲವೆಂದು ಬೆರಳಿಟ್ಟು ತೋರಿಸುವಂತೆಯೂ ಇರಲಿಲ್ಲ. ಗುರುಗಳು ಹೇಳಿದಂತೆಯೇ ಸಿಕ್ಕಿದ್ದು ತೀರ ಸಣ್ಣದು. ಆದರೆ ಅಲ್ಲಿಯೇ ಬಗ್ಗಿ ಒಂದು ಬೊಗಸೆ ನೀರನ್ನು ಹಿಡಿದಾಗ, ಕೈಮುಗಿಯಲು ಹಿಂಜರಿಕೆ ಹುಟ್ಟಲಿಲ್ಲ. ಈ ಒಂದು ಮಾತಿನಲ್ಲಿ ಗುರುಗಳ ಊಹೆ ತಪ್ಪಿತೆಂದು ಸವಿನಯವಾಗಿ ಹೇಳುತ್ತೇನೆ.

ಅಲ್ಲಿಂದ ಹೊಳೆ ಪಶ್ಚಿಮಕ್ಕೆ ಇಳಿದು, ಕಾಕ್ಲಿ ಬೆಕ್ ಎಂಬ ಸೇತುವೆಯ ಬಳಿ ನೈರುತ್ಯಕ್ಕೆ ತಿರುಗುತ್ತದೆ. ರೋಮನರು ಆಂಬಲ್‌ಸೈಡ್ ಕೋಟೆಯಿಂದ ಕಡಲ ಕರೆಯ ರಾವೆನ್‌ಗ್ಲಾಸಿಗೆ ಹಾಕಿದ ರಸ್ತೆ ಈ ಕಣಿವೆಯಲ್ಲಿಯೇ ಇಳಿದು, ಹೊಳೆಯನ್ನು ದಾಟಿ, ಆಚೆಯ ಹಾರ್ಡ್‌ನಾಟ್ ಗುಡ್ಡವನ್ನು ಹತ್ತುತ್ತದೆ. ಆ ಗುಡ್ಡದ ಮಗ್ಗುಲಲ್ಲಿ ಹೇಡ್ರಿಯನ್ ಚಕ್ರವರ್ತಿಯ ಕಾಲದ ಕೋಟೆಯೊಂದು ಪಾಳುಬಿದ್ದಿದೆ. ರೋಮನರ ತರುವಾಯ ಕಡಲಾಚೆಯಿಂದ ಉತ್ತರದ ನಾರ್ಸ್ ಜನರು ಬಂದು ನೆಲೆಸಿದರು. ಈ ಸೀಮೆಯ ಹೆಸರುಗಳೆಲ್ಲ ಬಹುಮಟ್ಟಿಗೆ ಅವರ ಭಾಷೆಯವು: ‘ಬೆಕ್’ ಎಂದರೆ ಹಳ್ಳ, ‘ಫೆಲ್’ ಎಂದರೆ ಬೆಟ್ಟ, ‘ಟಾರ್ನ್’ ಎಂದರೆ ಗುಡ್ಡದ ಮೇಲಿನ ಕೊಳ, ‘ಥ್ವೇಟ್’ ಎಂದರೆ ಕಾಡು ಕಡಿದು ಮಾಡಿದ ಬಯಲು. ಕೆಳಗಿನ ಹಳ್ಳಿಯೊಂದರ ಹೆಸರು ಅಲ್ಫಾ. ತೋಳಗಳ ಗುಡ್ಡವೆಂದು ಅದರ ಅರ್ಥವಂತೆ. ತೋಳಕ್ಕೆ ಅವರು ಹೇಳುವ ‘ಉಲ್ಫ್’ ಎಂಬ ಮಾತೂ ನಮ್ಮ ‘ವೃಕ’ ಶಬ್ದವೂ ಒಂದೇ ಬೇರಿನವು. ಈ ಕಣಿವೆಯಲ್ಲಿ ಈಗ ತೋಳಗಳಿಲ್ಲ. ಶಬ್ದ ಮಾತ್ರ ಉಳಿದಿದೆ. ಜೀವನವೆಲ್ಲ ಧಾತುಪಾಠ ಹೇಳಿದವನಿಗೆ ಇಷ್ಟು ದೂರದಲ್ಲಿ ಒಂದು ಹಳೆಯ ಪರಿಚಯದ ಮುಖ ಕಂಡರೆ ಸಂತೋಷವಾಗದೆ ಇದ್ದೀತೆ?

ಬರ್ಕ್ಸ್ ಸೇತುವೆಯ ಬಳಿ ಇಳಿದು ಸ್ವಲ್ಪ ಹೊತ್ತು ಕುಳಿತೆವು. ಹೇರುಗುದುರೆಗಳು ಓಡಾಡುತ್ತಿದ್ದ ಕಾಲದ ಕಲ್ಲಿನ ಕಮಾನು ಅದು. ಅದರಡಿಯಲ್ಲಿ ಹೊಳೆ ಇಕ್ಕಟ್ಟಾದ ಬಂಡೆಗಳ ನಡುವೆ ನುಗ್ಗುತ್ತದೆ. ನೀರು ಎಷ್ಟು ತಿಳಿಯೆಂದರೆ, ಆಳದಲ್ಲಿ ಬಿದ್ದ ಕಲ್ಲುಗಳನ್ನು ಎಣಿಸಬಹುದು. ಬಂಡೆಯ ಮೇಲೆ ಹರ್ಡ್‌ವಿಕ್ ಎಂಬ ಈ ಗುಡ್ಡಗಳ ಕುರಿಗಳು ನಿಂತಿದ್ದವು. ಈ ಜಾತಿಯ ಮರಿಗಳು ಹುಟ್ಟುವಾಗ ಕಪ್ಪು, ವಯಸ್ಸಾದಂತೆ ನರೆಯುತ್ತವೆ. ಮಗನ ಕಿವಿಯ ಬಳಿಯೂ ಒಂದೆರಡು ಬೆಳ್ಳಿಯ ಎಳೆಗಳನ್ನು ಆ ದಿವಸವೇ ನಾನು ಮೊದಲು ಗಮನಿಸಿದೆನು.

ಇನ್ನೂ ಕೆಳಗೆ ಸೀಥ್ವೇಟ್ ಎಂಬ ಹಳ್ಳಿ. ಹಳ್ಳಿಯೆಂದರೆ ಚದರಿದ ಕೆಲವು ಒಕ್ಕಲು ಮನೆಗಳು, ಒಂದು ಚಿಕ್ಕ ಚರ್ಚು. ಅದರ ಮೇಲ್ಗಡೆ ಬೆಟ್ಟದಲ್ಲಿರುವ ಕೊಳಕ್ಕೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಟ್ಟೆ ಕಟ್ಟಿ, ಬ್ಯಾರೋ ಪಟ್ಟಣಕ್ಕೆ ಕುಡಿಯುವ ನೀರು ಒದಗಿಸಿದರು. ಆ ಕೊಳದಿಂದ ಬರುವ ಹಳ್ಳ ಚರ್ಚಿನ ಪಕ್ಕದಲ್ಲಿ ಹರಿದು ಡಡನ್ನನ್ನು ಕೂಡುತ್ತದೆ. ಮಗನು ಕಾರನ್ನು ನಿಲ್ಲಿಸಿ, ಏನೊಂದೂ ಹೇಳದೆ ಚರ್ಚಿನ ಅಂಗಳಕ್ಕೆ ಕರೆದುಕೊಂಡು ಹೋದನು. ಅಲ್ಲಿ ಒಂದು ಸಾಧಾರಣವಾದ ಕಲ್ಲು ಇದೆ. ಕುರಿಯ ಉಣ್ಣೆ ಕತ್ತರಿಸುವಾಗ ಕುಳಿತುಕೊಳ್ಳುತ್ತಿದ್ದ ಆಸನ ಅದು. ಅದರ ಮೇಲೆ ಕೂರುತ್ತಿದ್ದವರು ಆ ಊರಿನ ಪಾದ್ರಿ, ಆ ಊರಿನ ಉಪಾಧ್ಯಾಯರು, ರಾಬರ್ಟ್ ವಾಕರ್.

ಇವರು 1709ರಲ್ಲಿ ಇದೇ ಕಣಿವೆಯಲ್ಲಿ, ಹನ್ನೆರಡು ಮಕ್ಕಳಲ್ಲಿ ಕಿರಿಯವರಾಗಿ ಹುಟ್ಟಿದರು. ಮೈಯಲ್ಲಿ ಬಲವಿಲ್ಲದ ಹುಡುಗನು ಹೊಲದ ಕೆಲಸಕ್ಕೆ ಆಗನೆಂದು ಓದಿಗೆ ಬಿಟ್ಟರಂತೆ. ಬೇರೆ ಕಡೆ ಸ್ವಲ್ಪ ಕಾಲ ಪಾಠ ಹೇಳಿಕೊಂಡಿದ್ದು, ಹುಟ್ಟೂರಿನ ಪಾದ್ರಿಯಾಗಿ ಬಂದರು. ವರ್ಷಕ್ಕೆ ಐದು ಪೌಂಡು ಸಂಬಳ, ಒಂದು ಗುಡಿಸಲು. ಅಲ್ಲಿಂದ ಮುಂದೆ ಅರವತ್ತಾರು ವರ್ಷ ಆ ಸ್ಥಳವನ್ನು ಬಿಟ್ಟು ಕದಲಲಿಲ್ಲ. ಊರಿಗೆ ಬೇರೆ ಶಾಲೆಯಿರಲಿಲ್ಲ. ಚರ್ಚಿನೊಳಗೆ, ಪೂಜಾಪೀಠದ ಕಟಾಂಜನದೊಳಗೆ ಕುಳಿತು, ಅಲ್ಲಿಯ ಮೇಜನ್ನೇ ಬರೆಯುವ ಮಣೆಯಾಗಿ ಮಾಡಿಕೊಂಡು, ದಿವಸಕ್ಕೆ ಎಂಟು ಗಂಟೆ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಮಕ್ಕಳು ಪಾಠ ಒಪ್ಪಿಸುತ್ತಿರುವಾಗ ಇವರ ಕೈ ರಾಟೆಯಲ್ಲಿ ಉಣ್ಣೆ ನೂಲುತ್ತಿತ್ತು. ಇಂತಿಷ್ಟೆಂದು ಶುಲ್ಕವಿಲ್ಲ, ಶಕ್ತಿಯಿದ್ದವರು ಕೊಟ್ಟದ್ದನ್ನು ತೆಗೆದುಕೊಳ್ಳುತ್ತಿದ್ದರು. ಹುಲ್ಲು ಕೊಯ್ಯುವಾಗ, ಉಣ್ಣೆ ಕತ್ತರಿಸುವಾಗ ನೆರೆಯವರ ಜತೆಗೆ ದುಡಿಯುತ್ತಿದ್ದರು. ಊರವರ ಅರ್ಜಿ, ಕರಾರು, ಮರಣಶಾಸನಗಳನ್ನು ಬರೆದುಕೊಡುತ್ತಿದ್ದರು. ದೂರದಿಂದ ಪ್ರಾರ್ಥನೆಗೆ ಬಂದವರಿಗೆ ಭಾನುವಾರ ತಮ್ಮ ಮನೆಯಲ್ಲಿ ಬಿಸಿಯಾಗಿ ಉಣಲಿಕ್ಕಿ ಕಳುಹಿಸುತ್ತಿದ್ದರು. ಹೊಳೆಯ ಆಚೆಯ ಅಲ್ಫಾ ಗ್ರಾಮವನ್ನೂ ವಹಿಸಿಕೊಂಡರೆ ಸಂಬಳ ಹೆಚ್ಚುತ್ತದೆಂದು ಮೇಲಿನವರು ಸೂಚಿಸಿದಾಗ, ಎರಡು ಊರವರಿಗೂ ತಮ್ಮನ್ನು ಅಲಕ್ಷಿಸಿದರೆಂಬ ಅಸಮಾಧಾನ ಹುಟ್ಟೀತೆಂದು ಬೇಡವೆಂದರು. 1802ರ ಜೂನ್ 25ರಂದು, ತಮ್ಮ ತೊಂಬತ್ತಮೂರನೆಯ ವರ್ಷದಲ್ಲಿ ತೀರಿಕೊಂಡಾಗ, ಆ ಐದು ಪೌಂಡಿನ ಪಾದ್ರಿ ಎರಡು ಸಾವಿರ ಪೌಂಡು ಉಳಿಸಿಟ್ಟಿದ್ದರಂತೆ. ಜನರು ಅವರನ್ನು ‘ವಂಡರ್‌ಫುಲ್ ವಾಕರ್’, ಎಂದರೆ ಅದ್ಭುತ ವಾಕರ್, ಎಂದು ಕರೆದರು. ವರ್ಡ್ಸ್‌ವರ್ತನು ಡಡನ್ ಸುನೀತಗಳಿಗೆ ಬರೆದ ಟಿಪ್ಪಣಿಯಲ್ಲಿ ಇವರ ಚರಿತ್ರೆಯನ್ನೇ ವಿಸ್ತಾರವಾಗಿ ಸೇರಿಸಿದ್ದಾನೆ. ನಾನು ಪದ್ಯ ಓದಿ ಟಿಪ್ಪಣಿ ಬಿಟ್ಟ ವಿದ್ಯಾರ್ಥಿಗಳಲ್ಲಿ ಒಬ್ಬನು.

ಸಮಾಧಿಯ ಕಲ್ಲಿನ ಮುಂದೆ ನಿಂತು ಮಗನು ಮೆಲ್ಲಗೆ, “ಅರವತ್ತಾರು ವರ್ಷ, ಅಪ್ಪಯ್ಯ. ನಿಮ್ಮದರ ಎರಡರಷ್ಟು” ಎಂದನು. ಸ್ವಲ್ಪ ತಡೆದು, “ನಿಮ್ಮನ್ನು ಇಲ್ಲಿಗೆ ಕರೆದುಕೊಂಡು ಬರಬೇಕೆಂದು ಆರು ವರ್ಷದಿಂದ ಅಂದುಕೊಳ್ಳುತ್ತಿದ್ದೆ” ಎಂದನು.

ಮೂವತ್ತಮೂರೆಂಬ ಆ ಸಂಖ್ಯೆಯನ್ನು ಅವನೂ ಮರೆತಿರಲಿಲ್ಲ. ಅವನು ಅದಕ್ಕಿಂತ ಹೆಚ್ಚೇನೂ ಹೇಳಲಿಲ್ಲ. ನನಗೆ ಬೇಕಾಗಿಯೂ ಇರಲಿಲ್ಲ. ಆದರೆ ಆ ಹೋಲಿಕೆಯನ್ನು ಒಪ್ಪಿಕೊಳ್ಳಲು ನಾನು ಅರ್ಹನಲ್ಲವೆಂಬುದೂ ಆ ಕ್ಷಣದಲ್ಲಿಯೇ ತಿಳಿಯಿತು. ನಾನು ತಿಂಗಳು ತಿಂಗಳು ಸಂಬಳ ಎಣಿಸಿಕೊಂಡು ವಿಭಕ್ತಿಗಳನ್ನು ಹೇಳಿಕೊಟ್ಟೆನು. ಕಡೆಯ ಹುಡುಗನು ಹೋದ ಮೇಲೆ ಕೊಠಡಿಯ ಕಿಟಕಿಯನ್ನು ನೋಡಿ ನಿಟ್ಟುಸಿರು ಬಿಟ್ಟೆನು. ತನ್ನ ಊರಿಗೆ ಬೇಕಾದದ್ದು ಏನೆಂದು ಆ ಮಹನೀಯರು ನೋಡಿದರು: ಒಬ್ಬನಿಗೆ ಅಕ್ಷರ, ಒಬ್ಬನಿಗೆ ಅರ್ಜಿ, ಹಸಿದವನಿಗೆ ಊಟ. ನಾನು ನನ್ನ ಊರಿಗೆ ಅರ್ಜಿಯನ್ನಾದರೂ ಬರೆದುಕೊಡಬಹುದಾಗಿತ್ತು. ‘ಕಂಡದ್ದೇನು’ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಲಿಲ್ಲ. ಆ ಪ್ರಶ್ನೆಯನ್ನು ‘ಕೊಟ್ಟದ್ದೇನು’ ಎಂದು ತಿದ್ದಿಕೊಳ್ಳಬೇಕೆಂಬುದಷ್ಟು ತಿಳಿಯಿತು.

ಚರ್ಚಿನಿಂದ ಹೊಲಗಳ ನಡುವೆ ಸ್ವಲ್ಪ ದೂರ ನಡೆದರೆ ಡಡನ್ನಿನ ದಂಡೆ. ಅಲ್ಲಿ ಹೊಳೆಗೆ ಅಡ್ಡಲಾಗಿ ಹೆಜ್ಜೆಗೊಂದರಂತೆ ಕಲ್ಲುಗಳನ್ನು ಸಾಲಾಗಿ ನಿಲ್ಲಿಸಿದ್ದಾರೆ. ವರ್ಡ್ಸ್‌ವರ್ತನು ಇಂಥ ಕಲ್ಲುಗಳ ಮೇಲೆಯೇ ಪದ್ಯ ಬರೆದಿದ್ದಾನೆ. ಈ ಹೊಳೆಯೊಡನೆ ಆತನ ಮೊದಲ ಪರಿಚಯ ಮಾತ್ರ ಕಾವ್ಯಮಯವಾಗಿರಲಿಲ್ಲ. ಹುಡುಗನಾಗಿದ್ದಾಗ ಮೀನು ಹಿಡಿಯುವ ಆಸೆಯಿಂದ ಹಾಕ್ಸ್‌ಹೆಡ್ ಊರಿನ ಕಡೆಯವನೊಬ್ಬನ ಬೆನ್ನು ಹತ್ತಿ ಇದರ ಮೂಲದ ಬಳಿಗೆ ಬಂದನು. ದಿನವೆಲ್ಲ ಮಳೆ, ಮೀನು ಸಿಕ್ಕಿದ್ದು ಅಷ್ಟಕ್ಕಷ್ಟೆ. ಹಿಂದಿರುಗುವಾಗ ನಡೆಯಲಾರದೆ ಸೋತುಹೋದ ಹುಡುಗನನ್ನು ಆ ಪುಣ್ಯಾತ್ಮನು ಬೆನ್ನ ಮೇಲೆ ಹೊತ್ತು ಮನೆ ಸೇರಿಸಿದನು. ಹೊತ್ತವನ ಹೆಸರನ್ನು ಲೋಕ ಅರಿಯದು. ಆತನ ಬೆನ್ನಿಲ್ಲದಿದ್ದರೆ ಮೂವತ್ತನಾಲ್ಕು ಸುನೀತಗಳ ಗತಿಯೇನಾಗುತ್ತಿತ್ತೋ!

ನಡುಹೊಳೆಯಲ್ಲಿ ಒಂದು ಕಲ್ಲು ನೀರಿನ ಮಟ್ಟಕ್ಕೇ ಇತ್ತು. ನಾನು ಅನುಮಾನಿಸಿ ನಿಂತೆನು. ಮುಂದಿದ್ದ ಮಗನು ತಿರುಗಿ, “ಕೈ ಕೊಡಿ, ಅಪ್ಪಯ್ಯ” ಎಂದನು. ನಮ್ಮ ಊರಿನ ಹಳ್ಳಕ್ಕೆ ಹಾಕಿದ ಸಂಕ ಆಷಾಢದ ಮಳೆಗೆ ಕೊಚ್ಚಿಕೊಂಡು ಹೋದಾಗ, ಇದೇ ಮಗನನ್ನು ಬೆನ್ನ ಮೇಲೆ ಹೊತ್ತು ನಾನು ಶಾಲೆಗೆ ದಾಟಿಸುತ್ತಿದ್ದೆನು. ಅವನು ಎರಡು ಕೈಗಳಿಂದ ನನ್ನ ಕೊರಳನ್ನು ಬಿಗಿಹಿಡಿದು, “ನೀರು ಎಲ್ಲಿಗೆ ಹೋಗುತ್ತದೆ?” ಎಂದು ಕೇಳುತ್ತಿದ್ದನು. “ಸಮುದ್ರಕ್ಕೆ” ಎನ್ನುತ್ತಿದ್ದೆನು. ಹಾಗೆ ಹೇಳಿಕೊಟ್ಟವನು ನಾನೇ ಅಲ್ಲವೆ? ಕೈ ಕೊಟ್ಟೆನು, ದಾಟಿದೆವು.

ಅಲ್ಫಾ ದಾಟಿದ ಮೇಲೆ ಕಣಿವೆ ಅಗಲವಾಗುತ್ತದೆ. ಗುಡ್ಡಗಳ ಬದಲಿಗೆ ಕಾಡು, ಹಸುರುಗಾವಲು. ಡಡನ್ ಸೇತುವೆಯ ಸಮೀಪದಲ್ಲಿ ಮರಗಳ ನಡುವೆ ಒಂದು ಹಳೆಯ ಕಬ್ಬಿಣದ ಕುಲುಮೆಯ ಗೋಪುರವಿದೆ. ವಾಕರ್ ಅವರು ಈ ಕಣಿವೆಗೆ ಪಾದ್ರಿಯಾಗಿ ಬಂದ ಕಾಲದಲ್ಲಿಯೇ, 1736ರಲ್ಲಿ, ಅದನ್ನು ಕಟ್ಟಿದರು. 1867ರವರೆಗೂ ಅದು ಉರಿಯಿತು. ಸುತ್ತಲಿನ ಕಾಡಿನಿಂದ ಇದ್ದಿಲು. ತಿದಿಯನ್ನೊತ್ತುವ ಚಕ್ರಕ್ಕೆ ಹೊಳೆಯ ನೀರು. ಮೇಲೆ ಮಕ್ಕಳ ಬಾಯಿಪಾಠ ಕೇಳಿ ಬಂದ ಹೊಳೆ ಕೆಳಗೆ ಬಂದು ಕಬ್ಬಿಣದ ಚಾಕರಿ ಮಾಡುತ್ತಿತ್ತು.

ಬ್ರಾಟನ್ನಿನ ಕೆಳಗೆ ಹೊಳೆಯೆಂಬುದು ಕರಗಿ ಮರಳಿನ ಬಯಲಾಗುತ್ತದೆ. ಅಳಿವೆಯ ಆಚೆಯ ದಡದಲ್ಲಿ ಮಿಲ್ಲಮ್ ಪಟ್ಟಣ. ಅಲ್ಲಿಯ ಹಾಡ್‌ಬ್ಯಾರೋ ಅದಿರಿನ ಗಣಿಯೂ ಕಬ್ಬಿಣದ ಕಾರಖಾನೆಯೂ 1968ರಲ್ಲಿ ಮುಚ್ಚಿಹೋದವು. ಗಣಿಯ ನೆಲ ಈಗ ಹಕ್ಕಿಗಳ ಆಶ್ರಯ. ಆ ಊರಿನಲ್ಲಿ 1914ರಲ್ಲಿ ಹುಟ್ಟಿದ ನಾರ್ಮನ್ ನಿಕೊಲ್ಸನ್ ಎಂಬ ಕವಿ, ಎಳೆಯ ವಯಸ್ಸಿನಲ್ಲಿ ಕ್ಷಯರೋಗದ ಚಿಕಿತ್ಸೆಗೆಂದು ದಕ್ಷಿಣದ ಆರೋಗ್ಯಧಾಮವೊಂದರಲ್ಲಿ ಕಳೆದ ಕಾಲವನ್ನು ಬಿಟ್ಟರೆ, 1987ರಲ್ಲಿ ತೀರಿಕೊಳ್ಳುವವರೆಗೂ ಬಹುಮಟ್ಟಿಗೆ ಒಂದೇ ಮನೆಯಲ್ಲಿದ್ದು, ಈ ಹೊಳೆಯನ್ನೂ ಈ ಊರನ್ನೂ ಕುರಿತೇ ಬರೆದನು. ಹದಿನೈದು ಮೈಲಿಯ ನೀರಿಗೆ ಎಷ್ಟು ಜನ ಕಾವಲಿಗಳು!

ಅಧಿಕಾರಿಗಳೂ ಈ ಹೊಳೆಯನ್ನು ಸುಮ್ಮನೆ ಬಿಟ್ಟಿಲ್ಲ. ಶತಮಾನಗಳಿಂದ ಅದು ಲ್ಯಾಂಕಾಷೈರಿಗೂ ಕಂಬರ್‌ಲೆಂಡಿಗೂ ಗಡಿಯಾಗಿತ್ತು. 1974ರಲ್ಲಿ ಎರಡು ದಂಡೆಗಳನ್ನೂ ಕಂಬ್ರಿಯ ಎಂಬ ಒಂದೇ ಸೀಮೆಗೆ ಸೇರಿಸಿದರು. 2023ರಲ್ಲಿ ಆಡಳಿತವನ್ನು ಒಡೆದು ಮತ್ತೆ ಎರಡು ಮಾಡಿದಾಗ, ಹೊಳೆಯ ಈಚೆಗೊಂದು ಆಚೆಗೊಂದಾಯಿತು. ಹೊಳೆಗೆ ಮಾತ್ರ ಇದಾವುದೂ ತಿಳಿದಂತಿಲ್ಲ.

ಸಂಜೆ ಆಸ್ಕಮ್ ಎಂಬ ಊರಿನ ಬಳಿ, ಕಬ್ಬಿಣದ ಕಿಟ್ಟವನ್ನು ಸುರಿದು ಅಳಿವೆಯೊಳಕ್ಕೆ ಚಾಚಿದ ಕಟ್ಟೆಯ ಮೇಲೆ ನಿಂತೆವು. ರಾತ್ರಿ ಒಂಬತ್ತು ಗಂಟೆಯಾದರೂ ಅಲ್ಲಿ ಜೂನ್ ತಿಂಗಳಿನಲ್ಲಿ ಬೆಳಕು ಆರುವುದಿಲ್ಲ. ಎದುರಿಗೆ ಬ್ಲಾಕ್ ಕೂಮ್ ಬೆಟ್ಟ. ನಡುವೆ ಮೈಲಿಗಟ್ಟಲೆ ಒದ್ದೆ ಮರಳು. ಆ ಮರಳಿನಲ್ಲಿ ಬೆಳಗ್ಗೆ ನಾವು ಬೊಗಸೆಯಲ್ಲಿ ಹಿಡಿದ ಹೊಳೆ ಒಂದು ಬೆಳ್ಳಿಯ ಗೀರಾಗಿ ಕಂಡಿತು. ಸ್ವಲ್ಪ ಹೊತ್ತಿನಲ್ಲಿ ಸಮುದ್ರದ ಭರತ ಏರತೊಡಗಿತು. ಹೊಳೆ ಸಮುದ್ರವನ್ನು ಸೇರುವುದನ್ನು ನೋಡಲು ಬಂದವನು, ಸಮುದ್ರವೇ ಹೊಳೆಯನ್ನು ಹುಡುಕಿಕೊಂಡು ಒಳಕ್ಕೆ ಬರುವುದನ್ನು ಕಂಡೆನು. ಗೀರು ಅಗಲವಾಯಿತು, ಹರಿಯುತ್ತಿದ್ದ ನೀರು ತಡೆದು ನಿಂತಿತು, ಬಳಿಕ ಬಂದ ದಾರಿಯಲ್ಲಿಯೇ ಹಿಂದಕ್ಕೆ ಸರಿಯಿತು. ದಿವಸಕ್ಕೆ ಎರಡು ಸಲ ಹೀಗಾಗುತ್ತದೆಂದು ಮಗನು ಹೇಳಿದನು.

ಆಗ ನಾನು, “ಬಿಟ್ಟು ಹೊರಟವನಿಗೆ ಊರಿಲ್ಲವೆಂದು ಒಂದು ದಿವಸ ಅಂದಿದ್ದೆನಲ್ಲ, ಆ ಮಾತು ಸರಿಯಲ್ಲ” ಎಂದೆನು. ಅವನು ನೀರನ್ನು ನೋಡುತ್ತಲೇ, “ಗಾಳಿ ಹೆಚ್ಚಾಯಿತು. ಶಾಲು ಸರಿಯಾಗಿ ಹೊದ್ದುಕೊಳ್ಳಿ” ಎಂದನು. ನಮ್ಮ ವಂಶದಲ್ಲಿ ಇದಕ್ಕಿಂತ ಹೆಚ್ಚಿನ ಮಾತು ಯಾವ ಕಾಲಕ್ಕೂ ನಡೆದಿಲ್ಲ.

ಹೊಳೆಯೆಂದರೆ ಹರಿಯುವ ನೀರೆಂದೇ ನಾನು ತಿಳಿದಿದ್ದೆನು. ದಂಡೆ ನಿಲ್ಲದಿದ್ದರೆ ನೀರು ಹೊಳೆಯಾಗದು. ನೀರು ಹೋಗದಿದ್ದರೆ ದಂಡೆಗೆ ಆ ಹೆಸರು ಬಾರದು. ನಿಂತವರೂ ಹೋದವರೂ ಒಬ್ಬರನ್ನೊಬ್ಬರು ‘ಏನು ಕಂಡೆ’ ಎಂದು ಕೇಳುವುದರಲ್ಲಿ ಅರ್ಥವಿಲ್ಲ.

ಊರಿಗೆ ಹಿಂದಿರುಗಿದ ಮೇಲೆ ಭಾನುವಾರಗಳಲ್ಲಿ ನಮ್ಮ ಮನೆಯ ಜಗುಲಿಯ ಮೇಲೆ ಕುಳಿತು, ಬೇಕಾದವರಿಗೆ ಅರ್ಜಿ ಬರೆದುಕೊಡುತ್ತಿದ್ದೇನೆ. ಪಹಣಿಯ ತಿದ್ದುಪಡಿ, ವೃದ್ಧಾಪ್ಯ ವೇತನ, ವಿದ್ಯಾರ್ಥಿವೇತನ, ಇಂಥವೇ. ಹೋದ ತಿಂಗಳು ಅಜ್ಜಿಯ ಅರ್ಜಿಗೆಂದು ಜತೆಯಲ್ಲಿ ಬಂದ ಒಬ್ಬ ಹುಡುಗಿ, ಗೋಡೆಯ ಮೇಲಿನ ಶ್ಲೋಕವನ್ನು ನೋಡಿ, ಅದು ಯಾವ ಭಾಷೆಯೆಂದು ಕೇಳಿದಳು. ಈಗ ಅವಳು ‘ರಾಮಃ ರಾಮೌ ರಾಮಾಃ’ ಎಂಬಲ್ಲಿಗೆ ಬಂದಿದ್ದಾಳೆ. ನನಗೆ ರಾಟೆ ಬಾರದು. ಅವಳು ಪಾಠ ಒಪ್ಪಿಸುವಾಗ ಮಡಿಲಲ್ಲಿ ಅಡಕೆ ಸುಲಿಯುತ್ತಿರುತ್ತೇನೆ.